ಸೋಲಿನ ಲೆಕ್ಕ

ಅಂಕಪಟ್ಟಿ ಬಂದೊಡನೆ ಮನೆಮಂದಿಯ ಕಣ್ಣು ಹೋಗುವುದು ನಪಾಸಾದ ವಿಷಯದ ಮೇಲೆ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಅಂಕಪಟ್ಟಿಯನ್ನೂ ಒಮ್ಮೆ ನೋಡೋಣ. 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದಿದ್ದ ಈ ತಂಡ, 2023–24ರಲ್ಲಿ 22 ಪಂದ್ಯಗಳಲ್ಲಿ 5 ಗೆದ್ದು, 7 ಡ್ರಾ ಮಾಡಿಕೊಂಡು, 10 ಸೋತಿತು. 12 ತಂಡಗಳಲ್ಲಿ 10ನೇ ಸ್ಥಾನ!

ಮರುವರ್ಷ ಅದೇ ತಂಡ 3ನೇ ಸ್ಥಾನಕ್ಕೇರಿ, ಫೈನಲ್‌ವರೆಗೂ ಹೋಯಿತು. ಹಾಗಾದರೆ ಸೋಲುವುದನ್ನೇ ಬಿಟ್ಟಿತೇ? ಇಲ್ಲ. ಲೀಗ್‌ನ 24 ಪಂದ್ಯಗಳಲ್ಲಿ ಆಗಲೂ 8 ಸೋತಿತ್ತು. ಡ್ರಾ 5ಕ್ಕೆ ಇಳಿದು, ಗೆಲುವು 11ಕ್ಕೆ ಏರಿತ್ತು, ಅಷ್ಟೇ. ಡ್ರಾಗೆ 1 ಅಂಕ, ಗೆಲುವಿಗೆ 3. ಹೀಗಾಗಿ 22 ಇದ್ದ ಅಂಕ 38 ಆಯಿತು. 40ರ ಸುನಿಲ್ ಛೇತ್ರಿ ಆ ಸಾಲಿನಲ್ಲಿ 14 ಗೋಲು ಹೊಡೆದರು. ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ 1–2ರಿಂದ ಸೋತದ್ದೂ ನಿಜವೇ.

ಗಂಜಾಂನ ಶಾಲಾ ಮಕ್ಕಳಿಗೂ ಈ ಲೆಕ್ಕ ಸಲ್ಲುತ್ತದೆ. ಒಂದೂ ತಪ್ಪು ಮಾಡಬೇಡವೆಂದು ಹೆದರಿಸಿದರೆ, ಹುಡುಗ ಗೊತ್ತಿರುವ ಪ್ರಶ್ನೆಗೂ ಪೆನ್ನು ಎತ್ತುವುದಿಲ್ಲ. ಉತ್ತರಪತ್ರಿಕೆಯಲ್ಲಿ ಅರ್ಧ ಬರೆದು ಬಿಟ್ಟ ಉತ್ತರಗಳನ್ನು ಪಾಲಕರು ಮಗುವಿನ ಜೊತೆ ಕೂತು ಹುಡುಕಲಿ. ಮೊದಲು ಅವು ಪೂರ್ತಿಯಾಗಲಿ. ಡ್ರಾಗಳು ಗೆಲುವಾಗುವುದು ಹಾಗೆಯೇ.