ಎರಡನೇ ಕಳವಿಗೆ ಯಾರು ಹೊಣೆ?

ಜೈಲಿನಿಂದ ಬಂದವನು ಆರು ತಿಂಗಳೊಳಗೆ ಮತ್ತೆ ಜೈಲು ಸೇರಿದ ಎಂದರೆ ಊರ ಜಗಲಿಕಟ್ಟೆಯ ಮೇಲೆ ಒಂದೇ ಮಾತು: 'ನಾಯಿ ಬಾಲ ಯಾವತ್ತಿದ್ರೂ ಡೊಂಕೇ.' ಪೊಲೀಸರ ಕಡತದಲ್ಲಿ ಇದೇ ಮಾತು ಸ್ವಲ್ಪ ಮರ್ಯಾದೆಯ ಭಾಷೆಯಲ್ಲಿರುತ್ತದೆ: 'ರೂಢಿಗತ ಅಪರಾಧಿ.' ಈ ಎರಡು ಮಾತನ್ನೂ ನಾವು ಒಪ್ಪುವುದಿಲ್ಲ. ಮನುಷ್ಯನ ಗುಣ ಹುಟ್ಟಿನಿಂದಲೇ ಬರುತ್ತದೆ ಎಂದವರ ಪರಿಚಯ ನಮಗೆ ಚೆನ್ನಾಗಿದೆ. ನಮ್ಮ ಅಜ್ಜ ಮುತ್ತಜ್ಜಂದಿರನ್ನು ಊರ ಹೊರಗೆ ಇಟ್ಟವರೂ ಇದನ್ನೇ ಹೇಳಿದ್ದರು.

ಬಿಡುಗಡೆಯಾದವನ ಮೊದಲ ತಿಂಗಳನ್ನು ನೋಡಿ. ಇದು ಯಾವ ತಾಲೂಕಿನಲ್ಲಿ ಬೇಕಾದರೂ ಕಾಣುವ ಚಿತ್ರ. ಕೈಯಲ್ಲೊಂದು ಬಟ್ಟೆಯ ಗಂಟು. ಹಗಲು ಹೊತ್ತು ಊರಿಗೆ ಇಳಿಯಲು ಮುಖವಿಲ್ಲ. ಕತ್ತಲಾದ ಮೇಲೆ ಕೇರಿ ಸೇರುತ್ತಾನೆ. ಇದ್ದ ಎರಡು ಕುರಿ ವಕೀಲರ ಫೀಸಿಗೆ ಹೋಗಿವೆ. ಮಗ ಶಾಲೆ ಬಿಟ್ಟು ಇಟ್ಟಿಗೆ ಗೂಡಿಗೆ ಸೇರಿದ್ದಾನೆ. ಬೆಳಗ್ಗೆ ತೋಟಕ್ಕೆ ಕೂಲಿಗೆ ಹೋದರೆ ಧಣಿಗಳು, 'ನೀನು ಬ್ಯಾಡ ಕಣ್ಲಾ, ನಾಳೆ ಏನಾರಾ ಕಾಣೆಯಾದ್ರೆ ನಮಗ್ಯಾಕೆ ಸ್ಟೇಷನ್ ಸಾವಾಸ?' ಎನ್ನುತ್ತಾರೆ. ಟೀ ಅಂಗಡಿಯಲ್ಲಿ ಮೊದಲು ಅವನಿಗೆ ಬೇರೆ ಲೋಟವಿತ್ತು. ಈಗ ಆ ಲೋಟವೂ ಇಲ್ಲ.

ಮೂರನೇ ದಿನ ಕಾನ್‌ಸ್ಟೇಬಲ್ ಬರುತ್ತಾನೆ. 'ಏನ್ಲಾ, ಬಂದು ಮೂರು ದಿನ ಆಯ್ತಂತೆ, ಸ್ಟೇಷನ್ ಕಡೆ ತಲೆ ಹಾಕ್ಲೇ ಇಲ್ಲ?' ನಾಲ್ಕನೇ ವಾರ ಪಕ್ಕದೂರಿನಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕಳುವಾಗುತ್ತದೆ. ಜೀಪು ಯಾರ ಗುಡಿಸಲ ಮುಂದೆ ನಿಲ್ಲುತ್ತದೆ ಎಂಬುದನ್ನು ಎರಡನೇ ಕ್ಲಾಸಿನ ಮಗುವೂ ಹೇಳುತ್ತದೆ. ಮಾಡದ ಕಳವಿಗೆ ಏಟು ತಿಂದವನು ಒಂದು ಲೆಕ್ಕ ಕಲಿಯುತ್ತಾನೆ: 'ಮಾಡಿದ್ರೂ ಏಟು, ಮಾಡದಿದ್ರೂ ಏಟು. ಮಾಡಿದ್ರೆ ಹೊಟ್ಟೆನಾದ್ರೂ ತುಂಬ್ತದೆ.'

ಆ ಹೊತ್ತಿನಲ್ಲಿ ಅವನನ್ನು 'ಬಾರಯ್ಯ, ಊಟ ಮಾಡ್ದಾ?' ಎಂದು ಕೇಳುವವನು ಒಬ್ಬನೇ. ಜೈಲಿನಲ್ಲಿ ಪರಿಚಯವಾದವನು. ಅವನ ಹತ್ತಿರ ಕಾಸಿದೆ, ವಕೀಲರಿದ್ದಾರೆ, ಕೊಡುವುದಕ್ಕೆ ಕೆಲಸವೂ ಇದೆ. ಊರು ನೂಕಿದವನನ್ನು ಅವನು ಕರೆದು ಕೂರಿಸಿಕೊಳ್ಳುತ್ತಾನೆ. ಎರಡನೇ ಕಳವು ನಡೆಯುವುದು ಅಲ್ಲಿಂದ.

ಯಾರನ್ನು ಮೊದಲು ಹಿಡಿಯಬೇಕು ಎಂದು ಹೇಳುವ ಪೊಲೀಸರ ಪಟ್ಟಿ ಇಂದು ನಿನ್ನೆಯದಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಹುಟ್ಟುವ ಕೂಸೂ ಕಳ್ಳ ಎಂದು ಬರೆದುಕೊಂಡರು. ನಮ್ಮ ಕಡೆಯ ಕೊರಚರು, ಲಂಬಾಣಿಗಳು ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ತಿರುಗಿ ಬದುಕಿದವರು. ರೈಲು ಬಂತು, ಉಪ್ಪಿನ ಕಾನೂನು ಬಂತು, ಹೇರಿನ ವ್ಯಾಪಾರ ಮುರಿದುಬಿತ್ತು. ಅನ್ನ ಕಿತ್ತುಕೊಂಡವರೇ ಅವರಿಗೆ ಕಳ್ಳರೆಂದು ಹೆಸರಿಟ್ಟರು. ಹುಬ್ಬಳ್ಳಿ, ಗದಗಗಳಲ್ಲಿ 'ಸೆಟ್ಲಮೆಂಟ್' ಮಾಡಿ ಕೂಡಿಹಾಕಿ ಹಾಜರಿ ಕೂಗಿದರು. 1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು. ಅದರ ಜಾಗಕ್ಕೆ ರಾಜ್ಯ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದು ಕೂತವು. ನಮ್ಮ ರಾಜ್ಯದ್ದು 1961ರದು. ಹೊದಿಕೆ ಬದಲಾಯಿತು, ಒಳಗಿನ ಪುಸ್ತಕ ಅದೇ!

ಜೈಲಿನೊಳಗೆ ಹೋದವನು ತಿದ್ದಿಕೊಂಡು ಬರುತ್ತಾನೆ ಎನ್ನುತ್ತಾರೆ. ಅಲ್ಲಿ ಏನು ಕಲಿಸಿದಿರಿ? ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2024ರ ಅಕ್ಟೋಬರ್ 3ರಂದು ತೀರ್ಪು ಕೊಟ್ಟಿತು. ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಅಡುಗೆ ಕೆಲಸ, ಕಸ ಗುಡಿಸುವ ಕೆಲಸ ಹಂಚುವ ನಿಯಮಗಳಿದ್ದವು. ಅವು ಸಂವಿಧಾನಕ್ಕೆ ವಿರುದ್ಧ ಎಂದಿತು. ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಿರಿ ಎಂದಿತು. ಸ್ವಾತಂತ್ರ್ಯ ಬಂದು 77 ವರ್ಷಗಳ ಮೇಲೆ! ಹೊರಗೆ ಕಸ ಬಳಿದವನು ಒಳಗೂ ಕಸವನ್ನೇ ಬಳಿದರೆ, ಬರುವಾಗ ಯಾವ ಹೊಸ ಕಸುಬನ್ನು ಹಿಡಿದುಕೊಂಡು ಬರುತ್ತಾನೆ?

ಇನ್ನೊಂದು ಸತ್ಯವಿದೆ. ಜೈಲಿನಲ್ಲಿರುವ ಬಹುಪಾಲು ಜನರ ಮೇಲೆ ಅಪರಾಧ ಸಾಬೀತೇ ಆಗಿಲ್ಲ. 2022ರ ಕೊನೆಗೆ ಭಾರತದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಯಾಕೆ ಹೊರಗೆ ಬರಲಿಲ್ಲ? ಜಾಮೀನಿಗೆ ನಿಲ್ಲುವವನು ಪಹಣಿ ತರಬೇಕು. ಭೂಮಿಯೇ ಇಲ್ಲದ ಕೇರಿಯಲ್ಲಿ ಪಹಣಿ ಎಲ್ಲಿಂದ ಬರಬೇಕು? ಬಡ ಗಾರೆ ಕೆಲಸದವನ ಮೇಲೆ 10,000 ರೂಪಾಯಿಯ ಜಾಮೀನು ಹೊರಿಸಿದ ಮೋತಿರಾಮ್ ಮೊಕದ್ದಮೆಯಲ್ಲಿ 1978ರಲ್ಲೇ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಖಂಡಿಸಿದ್ದರು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು, ಮೊದಲ ಸಲ ಸಿಕ್ಕವನು ಗರಿಷ್ಠ ಶಿಕ್ಷೆಯ ಮೂರರಲ್ಲೊಂದು ಭಾಗ ಕಳೆದಿದ್ದರೆ ಬಿಡಬೇಕು ಎನ್ನುತ್ತದೆ. ಒಳ್ಳೆಯದು. ಆದರೆ ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದವನಿಗೆ ಅದೇ ಕಲಮು ಆ ಬಾಗಿಲು ಮುಚ್ಚುತ್ತದೆ. ಪಟ್ಟಿಯಲ್ಲಿ ಹೆಸರಿದ್ದವನ ಮೇಲೆ ಇನ್ನೊಂದು ಕೇಸು ಹಾಕುವುದು ಎಷ್ಟು ಹೊತ್ತಿನ ಕೆಲಸ?

'ಹಾಗಾದ್ರೆ ಕಳ್ಕೊಂಡವನ ಗತಿಯೇನು?' ಎಂದು ಕೇಳುವವರಿದ್ದಾರೆ. ಕೇಳಲೇಬೇಕು. ಕೇಬಲ್ ಕಳೆದುಕೊಂಡವನು ಎಷ್ಟೋ ಸಲ ಸಾಲದಲ್ಲಿ ಮುಳುಗಿದ ಸಣ್ಣ ರೈತ. ಅವನ ಸಂಕಟವನ್ನು ನಾವು ಹಗುರ ಮಾಡುವುದಿಲ್ಲ. ಕಳವು ತಪ್ಪು, ಶಿಕ್ಷೆ ಆಗಲಿ. ನಮ್ಮ ತಕರಾರು ತೀರಿದ ಮೇಲೂ ತೀರದ ಶಿಕ್ಷೆಯ ಬಗ್ಗೆ. ಕೈದಿಯ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕು, ಅದರಲ್ಲೊಂದು ಪಾಲು ನೊಂದವರಿಗೆ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು 1998ರಲ್ಲಿ ಹೇಳಿತು. ಕಳೆದುಕೊಂಡವನಿಗೂ ನ್ಯಾಯ ಸಿಗುವ ದಾರಿ ಅದು. ಒಬ್ಬನನ್ನು ಹಸಿವಿಗೆ ನೂಕಿ ಇನ್ನೊಬ್ಬನ ಕೇಬಲ್ ಕಾಯಲು ಆಗುವುದಿಲ್ಲ.

ದಾರಿ ಇಲ್ಲವೆಂದು ಕೈ ಚೆಲ್ಲಬೇಕಾಗಿಲ್ಲ. ರಾಜಸ್ಥಾನದ ಸಾಂಗಾನೇರಿನಲ್ಲಿ 1963ರಿಂದ ಬಯಲು ಬಂದೀಖಾನೆ ನಡೆದಿದೆ. ಕೊಲೆಯ ಶಿಕ್ಷೆಗೆ ಒಳಗಾದವರೂ ಅಲ್ಲಿ ಹೆಂಡತಿ ಮಕ್ಕಳ ಜೊತೆ ಇರುತ್ತಾರೆ. ಬೆಳಗ್ಗೆ ಹೊರಗೆ ಹೋಗಿ ದುಡಿದು ಸಂಜೆ ಹಾಜರಿ ಹೇಳುತ್ತಾರೆ. ಬಿಡುಗಡೆಯ ದಿನ ಅವರು ಬರಿಗೈಯಲ್ಲಿ ಅಪರಿಚಿತ ಲೋಕಕ್ಕೆ ಬೀಳುವುದಿಲ್ಲ. ನಮ್ಮಲ್ಲೂ ದೇವನಹಳ್ಳಿಯ ಹತ್ತಿರ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಇದೆ. ಅಂಥವು ಜಿಲ್ಲೆಗೊಂದು ಯಾಕಾಗಬಾರದು?

ಕಾನೂನೂ ಇದೆ. 1958ರ ಪ್ರೊಬೇಷನ್ ಕಾಯ್ದೆಯ ಪ್ರಕಾರ, ಜೀವಾವಧಿ ಶಿಕ್ಷೆಯಂಥ ಘೋರ ಅಪರಾಧ ಬಿಟ್ಟರೆ, 21 ತುಂಬದ ಹುಡುಗನನ್ನು ಸಾಮಾನ್ಯವಾಗಿ ಜೈಲಿಗೆ ಹಾಕಬಾರದು. ಹಾಕುವುದಾದರೆ ಕಾರಣ ಬರೆಯಬೇಕು. ನಮ್ಮ ಹುಡುಗರ ಪರವಾಗಿ ಕೋರ್ಟಿನಲ್ಲಿ ಇದನ್ನು ಎತ್ತಿ ಹೇಳುವವರು ಬೇಕು. ಬಡ ಕೈದಿಗಳ ಜಾಮೀನಿಗೆ 40,000 ರೂಪಾಯಿವರೆಗೆ, ದಂಡಕ್ಕೆ 25,000 ರೂಪಾಯಿವರೆಗೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ತಂದಿತು. ಕೇರಿಯಲ್ಲಿ ಎಷ್ಟು ಜನರಿಗೆ ಇದು ಗೊತ್ತು?

ಆದ್ದರಿಂದ ನಾವು ಕೇಳುವುದು ಇಷ್ಟು. ಬಿಡುಗಡೆಯ ದಿನವೇ ಅವನ ಕೈಗೆ ದುಡಿದ ಕೂಲಿ, ಆಧಾರ್, ರೇಷನ್ ಕಾರ್ಡು ಸಿಗಲಿ. ಗ್ರಾಮ ಪಂಚಾಯಿತಿಯ ಕೂಲಿ ಪಟ್ಟಿಯಲ್ಲಿ ಮೊದಲ ವಾರವೇ ಅವನ ಹೆಸರು ಸೇರಲಿ. ತಪ್ಪಿಲ್ಲದೆ ವರ್ಷಗಳನ್ನು ಕಳೆದವನ ಹೆಸರನ್ನು ಪೊಲೀಸರ ಪಟ್ಟಿಯಿಂದ ತೆಗೆಯಲಿ. ತೆಗೆಯದಿದ್ದರೆ ಕಾರಣವನ್ನು ಬರೆದು ಕೊಡಲಿ. ಪಹಣಿ ಇಲ್ಲದವನ ಮಾತನ್ನೂ ಕೋರ್ಟು ಜಾಮೀನಾಗಿ ನಂಬಲಿ.

ಸರ್ಕಾರವನ್ನು ಬೈದು ಮನೆಗೆ ಹೋಗಿ ಮಲಗುವುದಾದರೆ ಇದನ್ನು ಬರೆಯಬೇಕಾಗಿರಲಿಲ್ಲ. ಗೆಳೆಯರೇ, ನಮ್ಮ ಸಭೆಗಳಲ್ಲಿ ಜೈಲಿಗೆ ಹೋದ ಹೋರಾಟಗಾರನಿಗೆ ಹಾರ ಹಾಕಿದ್ದೇವೆ. ಕಳವಿನ ಕೇಸಿನಲ್ಲಿ ಹೋಗಿ ಬಂದ ಅದೇ ಕೇರಿಯವನು ಹಿಂದೆ ಬಂದು ಕೂತರೆ ನಾವೂ ಜೇಬು ಮುಟ್ಟಿ ನೋಡಿಕೊಂಡಿದ್ದೇವೆ. ಇದನ್ನು ಒಪ್ಪಿಕೊಳ್ಳದೆ ನಮಗೆ ಮುಂದಿನ ಮಾತಿಗೆ ಹಕ್ಕಿಲ್ಲ. ಮೇಷ್ಟ್ರೇ, ಅವನ ಮಗ ನಿಮ್ಮ ಕ್ಲಾಸಿನಲ್ಲಿದ್ದಾನೆ. 'ಕಳ್ಳನ ಮಗ' ಎಂದು ಬೇರೆ ಹುಡುಗರು ಕರೆದಾಗ ನೀವು ಸುಮ್ಮನಿದ್ದರೆ ಪಟ್ಟಿಗೆ ಮುಂದಿನ ಹೆಸರು ನಿಮ್ಮ ಕೋಣೆಯಲ್ಲೇ ಸೇರುತ್ತದೆ. ವಿದ್ಯಾರ್ಥಿ ಗೆಳೆಯರೇ, ಅರ್ಜಿ ಬರೆಯಲು ಬರುವವರು ನೀವು. ಅವನ ಜೊತೆ ತಾಲೂಕು ಕಚೇರಿಗೆ ಹೋಗಿ, ಸ್ಟೇಷನ್ನಿಗೆ ಕರೆದಾಗ ಇಬ್ಬರು ಜೊತೆಗೆ ನಡೆಯಿರಿ. ಒಬ್ಬಂಟಿಗೆ ಬೀಳುವ ಏಟು ಮೂವರ ಮುಂದೆ ಅಷ್ಟು ಸುಲಭವಾಗಿ ಏಳುವುದಿಲ್ಲ.

ಬರುವ ವಾರ ನಿಮ್ಮೂರಿಗೆ ಕತ್ತಲಲ್ಲಿ ಒಬ್ಬ ಬಸ್ಸಿಳಿಯುತ್ತಾನೆ. 'ಊಟ ಮಾಡ್ದೇನಪ್ಪಾ?' ಎಂದು ಅವನನ್ನು ಮೊದಲು ಕೇಳುವವರು ನಾವಾಗಬೇಕು.