ಹಲಗೆ ಇಳಿಸುವ ಮೊದಲು ಒಟ್ಟಿಗೆ ಕೂರಲಿ

2019ರ ಮೇ ತಿಂಗಳಲ್ಲಿ ಬಜೆ ಅಣೆಕಟ್ಟಿನ ತಳ ಕಂಡಿತು. ಉಡುಪಿ ನಗರಕ್ಕೂ ಮಣಿಪಾಲಕ್ಕೂ ಕುಡಿಯುವ ನೀರು ಒದಗಿಸುತ್ತಿದ್ದದ್ದು ಹಿರಿಯಡಕದ ಹತ್ತಿರ ಸ್ವರ್ಣಾ ನದಿಗೆ ಅಡ್ಡಲಾಗಿ ಕಟ್ಟಿದ ಇದೇ ಅಣೆಕಟ್ಟು. ಕೊನೆಗೆ ನದಿಪಾತ್ರದ ಗುಂಡಿಗಳಲ್ಲಿ ಉಳಿದಿದ್ದ ನೀರನ್ನು ಪಂಪ್ ಹಚ್ಚಿ ಬಜೆಗೆ ಹಾಯಿಸಬೇಕಾಯಿತು. ವಾರ್ಡ್ ವಾರ್ಡ್‌ಗೆ ಟ್ಯಾಂಕರ್ ಓಡಿತು. ವರ್ಷಕ್ಕೆ ಸರಾಸರಿ ನಾಲ್ಕು ಸಾವಿರ ಮಿಲಿಮೀಟರ್‌ನಷ್ಟು ಮಳೆ ಸುರಿಯುವ ಜಿಲ್ಲೆಯ ಮಾತಿದು.

ಇಂಥ ಬೇಸಿಗೆಗಳಲ್ಲಿ ನದಿದಂಡೆಯ ಕೃಷಿ ಪಂಪ್‌ಸೆಟ್‌ಗಳ ವಿದ್ಯುತ್ ಕಡಿತ ಮಾಡುವುದು ಒಂದಕ್ಕಿಂತ ಹೆಚ್ಚು ಬಾರಿ ನಡೆದಿದೆ. ಕುಡಿಯುವ ನೀರಿಗೆ ಮೊದಲ ಆದ್ಯತೆ ಎಂದು ರಾಷ್ಟ್ರೀಯ ಜಲನೀತಿಯೇ ಹೇಳುತ್ತದೆ, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಹೊತ್ತಿನ ಬಗ್ಗೆ. ಏಪ್ರಿಲ್‌ನಲ್ಲಿ ಏಕಾಏಕಿ ಕರೆಂಟು ಹೋದರೆ ಅಡಿಕೆ ತೋಟದ ಹಿಂಗಾರ ಒಣಗುತ್ತದೆ, ಮುಂದಿನ ಫಸಲು ಕೈತಪ್ಪುತ್ತದೆ. ಅದೇ ಮಾತನ್ನು ಡಿಸೆಂಬರ್‌ನಲ್ಲೇ ಹೇಳಿದ್ದರೆ ರೈತರು ಬೇಸಿಗೆಯ ಕೊಳಕೆ ಬೆಳೆಗೆ ಕೈ ಹಾಕದೆ ಇರಬಹುದಿತ್ತು, ಹನಿ ನೀರಾವರಿಗೆ ಹೊರಳಬಹುದಿತ್ತು.

ಸ್ವರ್ಣೆ ಒಂದೇ ನದಿ, ಅದರ ನೀರಿನ ಮಟ್ಟ ನಿರ್ಧರಿಸುವ ಕೈಗಳು ಹಲವು. ಘಟ್ಟದಿಂದ ಕಾರ್ಕಳ ತಾಲೂಕಿಗೆ ಇಳಿದು ಬರುವ ನದಿಗೆ ಮುಂಡ್ಲಿಯಲ್ಲಿ ಒಂದು ತಡೆ, ಕೆಳಗೆ ಶಿರೂರಿನಲ್ಲಿ ಇನ್ನೊಂದು, ಆಮೇಲೆ ಬಜೆ. ಸೇರುವ ತೋಡುಗಳಿಗೂ ಅಲ್ಲಲ್ಲಿ ಕಿಂಡಿ ಅಣೆಕಟ್ಟು. ಮಳೆ ಹಿಂದೆ ಸರಿದ ಮೇಲೆ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ಗಟ್ಟಿ ಮಾಡುತ್ತಾರೆ. ಬೇಗ ಇಳಿಸಿದರೆ ಅಕಾಲದ ಮಳೆಗೆ ತೋಟಕ್ಕೆ ನೀರು ನುಗ್ಗುತ್ತದೆ. ತಡ ಮಾಡಿದರೆ ಹರಿವೇ ಸಣ್ಣದಾಗಿ ಅಣೆಕಟ್ಟು ಅರ್ಧವೂ ತುಂಬುವುದಿಲ್ಲ. ಮೇಲಿನವರೆಲ್ಲ ಒಂದೇ ವಾರದಲ್ಲಿ ಇಳಿಸಿದರೆ ಕೆಳಗಿನವರ ಪಾಲಿಗೆ ಹೊಳೆಯೇ ನಿಂತಂತೆ. ಹಲಗೆ ಇಳಿಸುವ ದಿನಾಂಕವೇ ನ್ಯಾಯದ ಪ್ರಶ್ನೆಯಾಗುವುದು ಇಲ್ಲಿ.

ಸಮುದ್ರದ ಹತ್ತಿರ ಈ ಪ್ರಶ್ನೆಗೆ ಉಪ್ಪೂ ಸೇರುತ್ತದೆ. ಕಾಪು ತಾಲೂಕಿನ ಮಟ್ಟು ಗ್ರಾಮದ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಆದರೆ ಅದು ಬೆಳೆಯುವ ಗದ್ದೆಗಳ ಪಕ್ಕದ ಹೊಳೆಯಲ್ಲಿ ಉಬ್ಬರದ ಹೊತ್ತಿಗೆ ಉಪ್ಪು ನೀರು ಏರಿ ಬರುತ್ತದೆ. ಮೇಲಿನಿಂದ ಸಿಹಿನೀರಿನ ಒತ್ತಡ ಕಡಿಮೆಯಾದಷ್ಟೂ ಅದು ಒಳಕ್ಕೆ ಬರುತ್ತದೆ, ಗದ್ದೆಯ ಜೊತೆಗೆ ಬಾವಿಯೂ ಕೆಡುತ್ತದೆ. ಹಾಗಾಗಿ ಪ್ರತಿ ಹೊಳೆಯಲ್ಲೂ ಕಡಲ ಬದಿಯ ಕಿಂಡಿಗಳು ಮೊದಲು ಮುಚ್ಚಬೇಕು, ಆಮೇಲೆ ಒಂದೊಂದಾಗಿ ಮೇಲಿನವು. ಈ ಸರದಿಯನ್ನು ಯಾವ ಪಂಚಾಯತ್ತೂ ಒಂಟಿಯಾಗಿ ಜಾರಿಗೆ ತರಲಾರದು.

ಕೂಡಿ ಮಾಡುವುದು ಕರಾವಳಿಗೆ ಹೊಸತೇನಲ್ಲ. ಕಾಸರಗೋಡಿನ ಏತಡ್ಕದಲ್ಲಿ ಕೃಷಿಕರು ಒಂದೇ ತೋಡಿಗೆ ಸಾಲಾಗಿ ಕಟ್ಟಗಳನ್ನು ಹಾಕುತ್ತ ಬಂದ ಬಗೆಯನ್ನು ಪತ್ರಕರ್ತ ಶ್ರೀ ಪಡ್ರೆ ನಾಡಿಗೆ ತಿಳಿಸಿದ್ದಾರೆ. ಒಂದು ಕಟ್ಟದಿಂದ ಸೋರಿದ ನೀರು ಕೆಳಗಿನ ಕಟ್ಟಕ್ಕೆ ಸಿಗುತ್ತದೆ, ಇಂಗಿದ ನೀರು ಎಲ್ಲರ ಬಾವಿಗೂ ಬರುತ್ತದೆ. ದೂರದ ಸ್ಪೇನ್‌ನ ವೆಲೆನ್ಸಿಯಾದಲ್ಲೂ ತುರಿಯಾ ನದಿಯ ಕಾಲುವೆಗಳ ರೈತರು ಆರಿಸಿದ ಎಂಟು ಮಂದಿ ಶತಮಾನಗಳಿಂದ ಪ್ರತಿ ಗುರುವಾರ ಮಧ್ಯಾಹ್ನ ಕ್ಯಾಥೆಡ್ರಲ್ ಬಾಗಿಲಲ್ಲಿ ಕೂತು ನೀರಿನ ವ್ಯಾಜ್ಯ ತೀರ್ಮಾನಿಸುತ್ತಾರೆ. ವಕೀಲರಿಲ್ಲ, ಎಲ್ಲವೂ ಬಾಯಿಮಾತಿನಲ್ಲೇ. ಯುನೆಸ್ಕೊ 2009ರಲ್ಲಿ ಈ ನೀರಿನ ನ್ಯಾಯಮಂಡಳಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ತೀರ್ಪು ಕೊಡುವವರು ಅದೇ ನೀರು ಉಣ್ಣಿಸುವ ಗದ್ದೆಯವರು, ಅದಕ್ಕೇ ತೀರ್ಪು ನಿಲ್ಲುತ್ತದೆ.

ಉಡುಪಿ ಜಿಲ್ಲೆಗೆ ಬೇಕಿರುವುದೂ ಹೊಳೆಗೊಂದು ಒಕ್ಕೂಟ. ಸ್ವರ್ಣೆಯ ಒಕ್ಕೂಟದಲ್ಲಿ ಕಾರ್ಕಳ ಪುರಸಭೆ, ಉಡುಪಿ ನಗರಸಭೆ, ಸಣ್ಣ ನೀರಾವರಿ ಇಲಾಖೆಯ ಜೊತೆ ದಂಡೆಯ ಕೃಷಿಕರು ಮತ ಹಾಕುವ ಹಕ್ಕಿನೊಂದಿಗೆ ಕೂರಬೇಕು. ಅಹವಾಲು ಕೊಟ್ಟು ಎದ್ದು ಹೋಗುವವರಾಗಿ ಅಲ್ಲ. ಬಹಳ ನೀರು ಬಳಸುವ ಮಣಿಪಾಲದ ದೊಡ್ಡ ಸಂಸ್ಥೆಗಳೂ ಬರಲಿ. ಕೆರೆಗಳ ಕಾಳಜಿ ಇರುವವರಂತೂ ಬರಲೇಬೇಕು. ಕಾರ್ಕಳದ ಆನೆಕೆರೆ, ರಾಮಸಮುದ್ರ, ಮಣಿಪಾಲದ ಮಣ್ಣಪಳ್ಳದ ವಿಷಯ ಬಂದಾಗ ಮಾತು ನಡಿಗೆ ಪಥ, ದೀಪಗಳತ್ತಲೇ ಹೊರಳುತ್ತದೆ. ಆದರೆ ಇಲ್ಲಿನ ಮುರಕಲ್ಲಿನ ನೆಲ ನೀರನ್ನು ಬೇಗ ಕುಡಿದು ಬೇಗ ಬಿಟ್ಟುಕೊಡುತ್ತದೆ, ಕೆರೆಯ ಮಟ್ಟ ಇಳಿದಂತೆ ಸುತ್ತಲಿನ ಬಾವಿಯೂ ಇಳಿಯುತ್ತದೆ. ಕಾಪುವಿನ ಹೊಳೆಗಳಿಗೆ ಪ್ರತ್ಯೇಕ ಒಕ್ಕೂಟ ಬೇಕು, ಅವು ಬೇರೆಯೇ ಜಲಾನಯನ.

ವಾರಾಹಿ ನದಿಯ ನೀರಿನ ಯೋಜನೆ ಇರುವಾಗ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಹಾಲಾಡಿ ಬಳಿಯ ಭರತ್ಕಲ್‌ನಿಂದ ಉಡುಪಿಗೆ ನೀರು ತರುವ ಯೋಜನೆ ನಗರಕ್ಕೆ ಆಸರೆಯೇ. ಆದರೆ 1970ರ ದಶಕದ ಕೊನೆಗೆ ರೂಪುಗೊಂಡ ವಾರಾಹಿ ನೀರಾವರಿ ಯೋಜನೆಯ ನೀರಿಗಾಗಿ ಕುಂದಾಪುರದ ಕಡೆಯ ರೈತರು ದಶಕಗಳ ಕಾಲ ಕಾದಿದ್ದಾರೆ. ಸ್ವರ್ಣೆಯ ದಂಡೆಯಲ್ಲಿ ಬಗೆಹರಿಯದ ಜಗಳವನ್ನು ಅವರ ಅಂಗಳಕ್ಕೆ ಒಯ್ಯುವುದು ಸರಿಯಲ್ಲ.

ಆರಂಭಕ್ಕೆ ದೊಡ್ಡ ಅನುದಾನ ಬೇಡ. ಮುಂಡ್ಲಿ, ಶಿರೂರು, ಬಜೆಯ ನೀರಿನ ಮಟ್ಟ ನವೆಂಬರ್‌ನಿಂದಲೇ ದಿನವೂ ಪಂಚಾಯತ್ ಫಲಕಗಳಲ್ಲಿ, ಪತ್ರಿಕೆಯಲ್ಲಿ ಬರಲಿ. ಮಟ್ಟ ಎಷ್ಟಕ್ಕೆ ಇಳಿದರೆ ಯಾರ ಪಂಪ್ ಎಷ್ಟು ತಾಸು, ನಗರಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಎಂಬುದನ್ನು ಆಗಲೇ ಬರೆದು ಎರಡೂ ಕಡೆಯವರು ಸಹಿ ಹಾಕಲಿ. ಆ ಮೊದಲ ಸಭೆಯನ್ನು ಜಿಲ್ಲಾಧಿಕಾರಿಗಳು ಮಣಿಪಾಲದ ಕಚೇರಿಯಲ್ಲಿ ಕರೆಯುವ ಬದಲು ಬಜೆಯ ದಂಡೆಯಲ್ಲೇ ಕರೆಯಲಿ.