ಮುನ್ಸೂಚನೆಯಿದ್ದೂ ಮುಳುಗಿದ ಊರುಗಳು

ಮೆಡಿಟರೇನಿಯನ್ ಸಮುದ್ರದ ತೀರದಲ್ಲಿರುವ ಸ್ಪೇನ್ ದೇಶದ ವಲೆನ್ಸಿಯಾ ಸೀಮೆಯು ಬಿಸಿಲಿಗೂ ಕಿತ್ತಳೆಯ ತೋಟಗಳಿಗೂ ಹೆಸರಾದುದು. ಯುರೋಪಿನ ಚಳಿನಾಡುಗಳ ಜನರು ವರ್ಷವಿಡೀ ದುಡಿದು ಉಳಿಸಿದ ಹಣವನ್ನು ಅಲ್ಲಿಯ ಬಿಸಿಲಿನಲ್ಲಿ ಕೆಲವು ದಿನ ಕಳೆಯುವುದಕ್ಕಾಗಿ ವೆಚ್ಚ ಮಾಡುತ್ತಾರೆ. ಅಂಥ ನಾಡಿನಲ್ಲಿ 2024ರ ಅಕ್ಟೋಬರ್ 29ರಂದು ಬಂದೆರಗಿದ ಪ್ರವಾಹದಲ್ಲಿ ಇನ್ನೂರಿಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಇದನ್ನು ದೈವದ ಕೋಪವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅಂದಿನ ಘಟನೆಗಳ ಕ್ರಮವನ್ನು ಪರಿಶೀಲಿಸಿದವರಿಗೆ ಆ ಸಮಾಧಾನವು ಉಳಿಯಲಾರದು.

ಬೇಸಿಗೆಯುದ್ದಕ್ಕೂ ಕಾದ ಸಮುದ್ರವು ಶರತ್ಕಾಲದಲ್ಲಿಯೂ ಬೆಚ್ಚಗಿರುತ್ತದೆ. ಆ ವೇಳೆಗೆ ಆಕಾಶದ ಮೇಲುಸ್ತರದಲ್ಲಿ ತಂಪುಗಾಳಿಯ ರಾಶಿಯೊಂದು ಉತ್ತರದ ವಾಯುಪ್ರವಾಹದಿಂದ ಬೇರ್ಪಟ್ಟು ಬಂದು ನಿಂತರೆ, ಕೆಳಗಿನ ತೇವಭರಿತ ಗಾಳಿಯು ಕರಾವಳಿಗೆ ಸಮೀಪದ ಬೆಟ್ಟಗಳನ್ನು ಏರುತ್ತ ಒಂದೇ ಕಡೆಯಲ್ಲಿ ಸುರಿದುಬಿಡುತ್ತದೆ. ಅಂದು ಚೀವಾ ಎಂಬಲ್ಲಿ ಎಂಟು ಗಂಟೆಗಳಲ್ಲಿ 491 ಮಿಲಿಮೀಟರ್ ಮಳೆಯಾಯಿತು. ಅದು ಸರಿಸುಮಾರು ಆ ಊರಿನ ಇಡೀ ವರ್ಷದ ಮಳೆ. ತುರೀಸ್ ಎಂಬಲ್ಲಿ ಒಂದೇ ಗಂಟೆಯಲ್ಲಿ 184 ಮಿಲಿಮೀಟರ್ ಸುರಿಯಿತು. ಭೂಮಿಯ ಉಷ್ಣತೆಯು ಒಂದು ಡಿಗ್ರಿಯಷ್ಟು ಏರಿದರೆ ಗಾಳಿಯು ಶೇಕಡಾ ಏಳರಷ್ಟು ಹೆಚ್ಚು ಆವಿಯನ್ನು ಹಿಡಿದುಕೊಳ್ಳಬಲ್ಲುದು. ಆದುದರಿಂದ ಇಂತಹ ಮಳೆಗಳು ಇನ್ನು ಮುಂದೆ ಇನ್ನಷ್ಟು ಉಗ್ರವಾಗುವ ಸಂಭವವೇ ಹೆಚ್ಚು.

ಎಲ್ಲಕ್ಕಿಂತ ಹೆಚ್ಚು ಹಾನಿಗೊಳಗಾದ ಪೈಪೋರ್ತಾದಲ್ಲಿಯಾದರೋ ಅಂದು ಹೇಳಿಕೊಳ್ಳುವಂಥ ಮಳೆಯೇ ಆಗಲಿಲ್ಲ. ವರ್ಷದ ಬಹುಕಾಲ ಒಣಗಿರುವ ಪೊಯೋ ಎಂಬ ಹಳ್ಳದಲ್ಲಿ, ಮೇಲಿನ ಬೆಟ್ಟಗಳ ನೀರು ಸೆಕೆಂಡಿಗೆ 2,000 ಘನಮೀಟರಿಗೂ ಮಿಕ್ಕು ನುಗ್ಗಿ ಬಂದು, ಅಳೆಯುವ ಉಪಕರಣವನ್ನೇ ಕೊಚ್ಚಿಕೊಂಡು ಹೋಯಿತು. ಒಣಹಳ್ಳವನ್ನು ದಿನವೂ ನೋಡುವ ಕಣ್ಣಿಗೆ ಅದು ನೀರಿನ ದಾರಿಯೆಂಬುದು ಮರೆತುಹೋಗುತ್ತದೆ. ನೀರಿಗೆ ಮಾತ್ರ ಮರೆವೆಂಬುದಿಲ್ಲ.

ಹವಾಮಾನ ಇಲಾಖೆಯು ತನ್ನ ಕರ್ತವ್ಯವನ್ನು ಮಾಡಿತ್ತು. ಅಂದು ಬೆಳಿಗ್ಗೆ ಏಳೂವರೆಯ ಹೊತ್ತಿಗೇ ಅದು ಅತ್ಯುಗ್ರ ಅಪಾಯದ ಕೆಂಪು ಎಚ್ಚರಿಕೆಯನ್ನು ಪ್ರಕಟಿಸಿತು. ವಲೆನ್ಸಿಯಾ ವಿಶ್ವವಿದ್ಯಾನಿಲಯವು ಹಿಂದಿನ ದಿನವೇ ತರಗತಿಗಳನ್ನು ರದ್ದುಪಡಿಸಿತ್ತು. ಆದರೆ ಪ್ರಾಂತೀಯ ಸರಕಾರವು ಜನರ ಮೊಬೈಲುಗಳಿಗೆ ಎಚ್ಚರಿಕೆಯನ್ನು ಕಳುಹಿಸಿದ್ದು ರಾತ್ರಿ 8 ಗಂಟೆ 11 ನಿಮಿಷಕ್ಕೆ! ಅಷ್ಟರಲ್ಲಿ ಅನೇಕರು ರಸ್ತೆಗಳಲ್ಲಿ, ನೆಲಮಹಡಿಯ ಮನೆಗಳಲ್ಲಿ, ಕಾರನ್ನು ಉಳಿಸಿಕೊಳ್ಳಲೆಂದು ಇಳಿದ ನೆಲಮಾಳಿಗೆಗಳಲ್ಲಿ ಮುಳುಗಿಹೋಗಿದ್ದರು. ಒಂದು ವರ್ಷದ ಜನಾಕ್ರೋಶದ ತರುವಾಯ, 2025ರ ನವೆಂಬರಿನಲ್ಲಿ ಪ್ರಾಂತೀಯ ಸರಕಾರದ ಮುಖ್ಯಸ್ಥ ಕಾರ್ಲೋಸ್ ಮಾಸೊನ್ ರಾಜೀನಾಮೆಯನ್ನು ಘೋಷಿಸಿದರು. ಹೋದ ಜೀವಗಳಿಗೆ ಅದರಿಂದ ಆದ ಲಾಭವೇನು?

ಅದೇ ನಾಡು ಹಿಂದೊಮ್ಮೆ ಪಾಠ ಕಲಿತಿತ್ತು ಎಂಬುದು ಇನ್ನಷ್ಟು ವಿಷಾದದ ಸಂಗತಿ. 1957ರ ಅಕ್ಟೋಬರಿನಲ್ಲಿ ತೂರಿಯಾ ನದಿಯು ವಲೆನ್ಸಿಯಾ ನಗರವನ್ನು ಮುಳುಗಿಸಿದಾಗ, ನದಿಯನ್ನೇ ನಗರದ ದಕ್ಷಿಣಕ್ಕೆ ತಿರುಗಿಸಲಾಯಿತು. ಹಳೆಯ ಪಾತ್ರವು ಇಂದು ಸುಂದರ ಉದ್ಯಾನವಾಗಿದೆ. 2024ರಲ್ಲಿ ನಗರದ ಹೃದಯಭಾಗವು ಪಾರಾಯಿತು. ಆ ರಕ್ಷಣೆಯು ಕಾಲುವೆಯಾಚೆಯ, ಶ್ರಮಜೀವಿಗಳು ತುಂಬಿದ ಊರುಗಳಿಗೆ ದೊರೆಯಲಿಲ್ಲ.

ಇದು ದೂರದ ಕಥೆಯೆಂದು ನಮ್ಮ ವಾಚಕರು ಭಾವಿಸಲಾರರು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆಯಾದಾಗ ಕೊಲಾಬಾದಲ್ಲಿ ಆದದ್ದು ಸುಮಾರು 73 ಮಾತ್ರ. ಒಂದೇ ನಗರದ ಒಂದು ತುದಿಯಲ್ಲಿದ್ದವರಿಗೆ ಇನ್ನೊಂದು ತುದಿಯ ಪ್ರಳಯವು ಕಾಣಿಸಲಿಲ್ಲ. ಚರಂಡಿಯೆಂದೇ ಭಾವಿಸಲಾಗಿದ್ದ ಮೀಠಿಯು ತಾನು ನದಿಯೆಂಬುದನ್ನು ಅಂದು ತೋರಿಸಿಕೊಟ್ಟಿತು. 2015ರ ಡಿಸೆಂಬರಿನಲ್ಲಿ ಚೆನ್ನೈಯ ಅಡ್ಯಾರ್ ನದಿಯೂ ಅದನ್ನೇ ಮಾಡಿತು. ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಬಂದು ನೆಲಸಿದ ನಮ್ಮಂಥವರಿಗೆ ನೆಲದ ಹಳೆಯ ನೆನಪು ಇರುವುದಿಲ್ಲ. ತಾವು ಬಾಡಿಗೆಗೆ ಹಿಡಿದ ಮನೆಯು ಯಾವ ಹಳ್ಳದ ಮೇಲೆ ನಿಂತಿದೆಯೆಂದು ಹೇಳುವ ಹಿರಿಯರೂ ನೆರೆಯಲ್ಲಿರುವುದಿಲ್ಲ. ಸಕಾಲದ ಎಚ್ಚರಿಕೆಯೊಂದೇ ಅಂಥವರಿಗೆ ಆಧಾರ.

ಆದುದರಿಂದ ನಾವು ಒತ್ತಿ ಹೇಳುವುದಿಷ್ಟೆ: ಮುನ್ಸೂಚನೆಯು ಕಚೇರಿಯ ಕಾಗದದಲ್ಲಿರುವ ತನಕ ಅದು ಎಚ್ಚರಿಕೆಯಲ್ಲ. ಅದು ಪ್ರಜೆಯ ಕಿವಿಯನ್ನು, ಅವನಿಗೆ ತಿಳಿಯುವ ಭಾಷೆಯಲ್ಲಿ, ಅವನು ಮನೆಯಿಂದ ಹೊರಡುವ ಮುನ್ನ ಮುಟ್ಟಬೇಕು. ಎಚ್ಚರಿಕೆಯು ಹುಸಿಯಾದರೆ ನಗೆಪಾಟಲಾದೇವೆಂಬ, ವ್ಯಾಪಾರಕ್ಕೆ ನಷ್ಟವಾದೀತೆಂಬ ಅಳುಕು ಅಧಿಕಾರಿವರ್ಗವನ್ನು ಕಟ್ಟಿಹಾಕಬಾರದು. ಹುಸಿ ಎಚ್ಚರಿಕೆಯಿಂದ ಒಂದು ದಿನದ ದುಡಿಮೆ ಹೋದೀತು. ಅದು ಸಣ್ಣ ನಷ್ಟವಲ್ಲ ಎಂಬುದನ್ನು ದಿನಗೂಲಿಯವರು ಬಲ್ಲರು, ನಾವೂ ಬಲ್ಲೆವು. ಆದರೆ ಹೋದ ದುಡಿಮೆಯನ್ನು ಮತ್ತೊಂದು ದಿನ ಗಳಿಸಬಹುದು. ತಡವಾಗಿ ಬಂದ ಎಚ್ಚರಿಕೆಯಿಂದ ಹೋದುದನ್ನು ಮರಳಿ ಗಳಿಸುವವರು ಯಾರೂ ಇಲ್ಲ.